ನೇಗಿಲಿಗೆ ಮೊದಲು

ಬೇಸಾಯ ಕಂಡುಹಿಡಿದವನು ಗಂಡಸು ಅಂತ ಯಾರಾದರೂ ನನ್ನೆದುರು ಹೇಳಿದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ದಯವಿಟ್ಟು ಹೇಳಬೇಡಿ. ಹೇಳಲೇಬೇಕು ಅಂತಿದ್ದರೆ ನಮ್ಮತ್ತೆ ಕಲ್ಲೊಲ ಅನ್ನುವ ಹೊಲ ಅಗೆದದ್ದನ್ನು ಮೊದಲು ಪೂರ್ತಿ ಕೇಳಿ, ಆಮೇಲೂ ಬಾಯಿ ಬಂದರೆ ಹೇಳಿ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಕ್ಕೆ ಇತ್ತು. ನಾನು ಮಂಡ್ಯದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ, ಇತಿಹಾಸ. ದಿನಾ ಬೆಳಗ್ಗೆ ರಸ್ತೆಗೆ ನಡೆದು ಬಂದು ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ತೂರಿಕೊಂಡು ಹೋಗಬೇಕು. ನಮ್ಮ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ. ಅಪ್ಪನಿಗೆ ಅದರ ಹೆಮ್ಮೆ ಇಲ್ಲದೆ ಇರಲಿಲ್ಲ. ಆದರೆ ನಾನು ಚಪ್ಪಲಿ ಮೆಟ್ಟುವಾಗಲೆಲ್ಲ, "ಓದು ಅಮ್ಮೀ, ಓದು. ಬಾಯಿ ಮಾತ್ರ ಮನೇಲಿ ಬುಟ್ಟೋಗು" ಅನ್ನುತ್ತಿದ್ದ. ಬಾಯಿಯನ್ನು ನಾನು ಯಾವತ್ತೂ ಮನೆಯಲ್ಲಿ ಬಿಟ್ಟು ಹೋದವಳಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಅವಳನ್ನು ಬೆಸಗರಹಳ್ಳಿ ಕಡೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಮನೆಗೆ ಕರೆತಂದ ದಿನ ಅತ್ತೆ ಅಳಲಿಲ್ಲ, ಕರೆಯಲಿಲ್ಲ. ಬುಟ್ಟಿಗೆ ಎರಡು ಸೀರೆ ಹಾಕಿಕೊಂಡು, ತಾನೇ ಆಯ್ದಿಟ್ಟಿದ್ದ ಅವರೆ ಬೀಜವನ್ನು ಸೆರಗಿಗೆ ಕಟ್ಟಿಕೊಂಡು, ನಡೆದು ತವರಿಗೆ ಬಂದುಬಿಟ್ಟಳು. ಗಂಡ ಬಿಟ್ಟವಳು ಅಂತ ಯಾರಾದರೂ ಬಾಯಿ ಜಾರಿ ಅಂದರೆ ಮುಗಿಯಿತು. "ಅವ್ನು ಬುಟ್ಟಿದ್ದಲ್ಲ ಕಣವ್ವ, ನಾನು ಬುಟ್ಟು ಬಂದೆ. ನೆಟ್ಟಗೆ ಯೋಳ್ಕೊ" ಅಂತ ಅಲ್ಲೇ ತಿದ್ದುತ್ತಿದ್ದಳು. ನನಗೆ ಬಾಯಿ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ತವರಿಗೆ ಬಂದ ಹೆಣ್ಣಿಗೆ ಹೊಲವಿಲ್ಲ, ಮನೆಯಿಲ್ಲ. ಇರುವುದು ಅಕ್ಕಡಿ. ರಾಗಿ ಹೊಲದಲ್ಲಿ ನಾಲ್ಕಾರು ಸಾಲಿಗೊಂದು ಸಾಲು ಬೇರೆ ಕಾಳು ಬಿಡುತ್ತಾರಲ್ಲ, ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅದು ಅಕ್ಕಡಿ. ನೇಗಿಲು ಹಿಡಿದು ಮುಂದೆ ಹೋಗುವವನು ಗಂಡಸು, ಹಿಂದೆ ಬಗ್ಗಿ ಸಾಲಿಗೆ ಕಾಳು ಹಾಕುತ್ತಾ ಬರುವವಳು ಹೆಂಗಸು. ರಾಗಿ ಯಜಮಾನನ ವಾಡೆ ತುಂಬಿದರೆ ಅಕ್ಕಡಿ ಹೆಂಗಸಿನ ಗುಡಾಣ ತುಂಬುತ್ತದೆ. ಯಾವ ಕಾಳು ಬೀಜಕ್ಕೆ, ಯಾವುದು ಸಾರಿಗೆ, ಯಾವುದು ಬಾಣಂತಿ ಮನೆಗೆ, ಯಾವುದು ಸಂತೆಗೆ ಅಂತ ಅವಳೇ ತೀರ್ಮಾನಿಸುತ್ತಾಳೆ, ಗಂಡಸು ಕೇಳುವಂತಿಲ್ಲ. ನಮ್ಮ ಮನೆಯ ಒಣಹೊಲ ಕಲ್ಲೊಲ. ಹೆಸರೇ ಹೇಳುವಂತೆ ಬರೀ ಕಲ್ಲು. ಅದರ ಅಕ್ಕಡಿಯನ್ನು ಅವ್ವ ಅತ್ತೆಗೆ ಬಿಟ್ಟುಕೊಟ್ಟಿದ್ದಳು. ಆ ಸಾಲುಗಳಿದ್ದದ್ದರಿಂದಲೇ ಅತ್ತೆ ನಮ್ಮ ಮನೆಯಲ್ಲಿ ತಲೆಯೆತ್ತಿಕೊಂಡು ಊಟ ಮಾಡುತ್ತಿದ್ದಳು.

ಆ ವರ್ಷ ನಮ್ಮ ಬಾವಿಗೆ ಕರೆಂಟಿನ ಪಂಪುಸೆಟ್ಟು ಬಂತು. ಅಪ್ಪ ಎರಡು ದಿನ ನೆಲದ ಮೇಲೆ ಕಾಲಿಟ್ಟು ನಡೆಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದ.

"ಕಲ್ಲೊಲಕ್ಕೆ ಇನ್ಮೇಲೆ ರಾಗಿ ಇಲ್ಲ. ಕಬ್ಬು ಆಕ್ತೀನಿ."

"ನನ್ನ ಅಕ್ಕಡಿ ಎಲ್ಲಿಗ್ಲಾ ಓಗ್ಬೇಕು?" ಅಂದಳು ಅತ್ತೆ.

"ಅದೇನು ದೊಡ್ಡ ಆಸ್ತಿನಾ ಅಕ್ಕಯ್ಯಾ? ಸಂತೇಲಿ ಅವರೆಕಾಳು ಸಿಗಾಕಿಲ್ವಾ? ಮೂರೊತ್ತು ಇಟ್ಟಿಕ್ತಾ ಇಲ್ವಾ ನಿಂಗೆ? ಇನ್ನೇನು ಬೇಕು?"

ಅತ್ತೆ ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಅರ್ಧ ಮುದ್ದೆ ಹಾಗೇ ಇತ್ತು. ಅವ್ವ ಅಪ್ಪನ ಕಡೆ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸುಟ್ಟುಹೋಗುತ್ತಿದ್ದರು. ಅಪ್ಪ ಮಾತ್ರ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಕೆಟ್ಟವನೇನಲ್ಲ ನಮ್ಮಪ್ಪ. ಅನ್ನ ಹಾಕುವವನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬರುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಅದೇ ವಾರ ಕಾಲೇಜಿನಲ್ಲಿ ನಮಗೆ ಆದಿಮಾನವನ ಪಾಠ. ಇತಿಹಾಸದ ಮೇಷ್ಟ್ರು ಕಪ್ಪು ಹಲಗೆಯ ಎಡಗಡೆ ಬಿಲ್ಲು ಹಿಡಿದ ಗಂಡಸನ್ನು ಬರೆದರು. ಬಲಗಡೆ ನೇಗಿಲು ಹಿಡಿದ ಗಂಡಸು. ನಡುವೆ ಒಂದು ಗೀಟು. "ಮಾನವನು ಅಲೆಮಾರಿ ಜೀವನವನ್ನು ಬಿಟ್ಟು ಬೇಸಾಯಗಾರನಾದನು, ಆಹಾರ ಸಂಗ್ರಹಿಸುವುದನ್ನು ಬಿಟ್ಟು ಆಹಾರ ಉತ್ಪಾದಿಸಲಾರಂಭಿಸಿದನು" ಅಂತ ಬರೆಸಿದರು. ನಾನು ಎದ್ದು ನಿಂತೆ.

"ಸಾರ್, ಇವರಿಬ್ಬರ ಮನೆ ಹೆಂಗಸರು ಎಲ್ಲಿ ಹೋಗಿದ್ದರು?"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ಕೂತುಕೋ ಅಂದರು. ಆದರೆ ಪ್ರಾಮಾಣಿಕ ಮನುಷ್ಯ. ಮುಂದಿನ ಪಾಠಕ್ಕೆ ಬರುವಾಗ ಏನೇನೋ ಓದಿಕೊಂಡು ಬಂದಿದ್ದರು. ನೇಗಿಲು ಬಹಳ ತಡವಾಗಿ ಬಂದದ್ದು, ಅದಕ್ಕೆ ಮೊದಲು ಎಷ್ಟೋ ಕಾಲ ಜನ ಚೂಪಾದ ಕೋಲಿನಿಂದ, ಕಲ್ಲಿನ ಸಲಕರಣೆಯಿಂದ ನೆಲ ಕೆದಕಿ ಬಿತ್ತುತ್ತಿದ್ದರು ಅಂದರು. ಗೆಡ್ಡೆ ಗೆಣಸು, ಸೊಪ್ಪು, ಕಾಳು ಆಯ್ದು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಆದ್ದರಿಂದ ಮೊದಲು ಬಿತ್ತಿದವರೂ ಅವರೇ ಇರಬೇಕು ಅನ್ನುವವರಿದ್ದಾರೆ, ಕಣ್ಣಾರೆ ಕಂಡವರು ಯಾರೂ ಇಲ್ಲ, ಹಾಗಂತ ಅಲ್ಲಗಳೆಯುವುದೂ ಸುಲಭವಲ್ಲ ಅಂದರು. ಆಮೇಲೆ ಗಾಜಿನ ಬೀರುವಿನಿಂದ ನುಣ್ಣಗೆ ಉಜ್ಜಿದ ಒಂದು ಕಲ್ಲಿನ ಕೊಡಲಿ ತೆಗೆದು ನಮ್ಮ ಕೈಗೆ ಕೊಟ್ಟರು. ನಕ್ಕಿದ್ದ ಹುಡುಗರು ಅದರ ಬಾಯಿಯ ಮೇಲೆ ಬೆರಳಾಡಿಸಿ ನೋಡಿ ಸುಮ್ಮನೆ ಮುಂದಿನವರಿಗೆ ದಾಟಿಸಿದರು.

ನನಗೆ ಆ 'ಬಿಟ್ಟು' ಅನ್ನುವ ಮಾತು ಮಾತ್ರ ಕಡೆಯವರೆಗೂ ಒಪ್ಪಿಗೆಯಾಗಲಿಲ್ಲ. ಪುಸ್ತಕದಲ್ಲಿ ಒಂದು ಪುಟ ಮಗುಚಿದರೆ ಆಯುವುದು ಮುಗಿದು ಬೆಳೆಯುವುದು ಶುರು. ನಮ್ಮತ್ತೆ ಏನನ್ನು ಬಿಟ್ಟಿದ್ದಳು? ಬೆಳಗ್ಗೆ ಎದ್ದು ಯಾರದೋ ಬದುವಿನ ಮೇಲೆ ಬೆರಕೆ ಸೊಪ್ಪು ಆಯುತ್ತಿದ್ದಳು, ಅಣ್ಣೆ, ಗಣಿಕೆ, ಹೊನಗೊನ್ನೆ, ಕೈಗೆ ಸಿಕ್ಕಿದ್ದು. ಬಿಸಿಲೇರಿದ ಮೇಲೆ ಅದೇ ಸೆರಗು ಸಿಕ್ಕಿಸಿಕೊಂಡು ಕಳೆ ಕೀಳುತ್ತಿದ್ದಳು. ಗಂಡಸರು ಕಳೆ ಅಂತ ಎಸೆದದ್ದರಲ್ಲಿ ಅರ್ಧ ಅವಳ ಮಡಿಲಿಗೆ ಬಂದು ರಾತ್ರಿ ಬಸ್ಸಾರಾಗುತ್ತಿತ್ತು. ಆಯುವವಳೂ ಅವಳೇ, ಬೆಳೆಯುವವಳೂ ಅವಳೇ. ನಡುವೆ ಗೀಟು ಎಳೆದವರು ಸೊಪ್ಪು ಸೋಸಿದವರಲ್ಲ.

ಆ ಶನಿವಾರ ಬದುವಿನ ಮೇಲೆ ಅತ್ತೆಯ ಜೊತೆ ಸೊಪ್ಪು ಕೀಳುತ್ತಾ ಇದನ್ನೆಲ್ಲ ಹೇಳಿದೆ.

"ಅತ್ತೆ, ನೇಗ್ಲು ಬರಾಕೆ ಮುಂಚೇನೂ ಬೇಸಾಯ ಇತ್ತಂತೆ."

"ಯಾತ್ರಲ್ಲಿ ಉಳ್ತಿದ್ರಂತೆ?"

"ಉಳ್ತಾನೇ ಇರ್ಲಿಲ್ವಂತೆ. ಚೂಪು ಕೋಲಲ್ಲಿ ಕೆದಕಿ ಬೀಜ ಆಕ್ತಿದ್ರಂತೆ. ಎಂಗುಸ್ರು."

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಇದ್ನ ತಿಳ್ಕಳಾಕೆ ಮಂಡ್ಯಗಂಟ ಬಸ್ಸಲ್ಲಿ ಓಯ್ತಿಯಾ? ಸಾಲು ತಪ್ಪಿದ ಕಡೆ ನಾನು ಅವರೆ ಊರೋದು ಯಾತ್ರಲ್ಲಿ ಮತ್ತೆ?" ಸೊಪ್ಪಿನ ಬೇರಿನ ಮಣ್ಣು ಕೊಡವುತ್ತಾ ಕೇಳಿದಳು. "ನೇಗ್ಲೇ ಇಲ್ದೆ ಇಡೀ ಒಲ ಬೆಳೀತಿದ್ರಾ ಮಗಾ? ರಾಗೀನೂವೆ?"

"ರಾಗಿ ಗೊತ್ತಿಲ್ಲ ಅತ್ತೆ. ಹುರುಳಿ ಬೆಳೀತಿದ್ರಂತೆ. ಹಳೇ ಕಾಲದ ಊರುಗಳ ಮಣ್ಣಲ್ಲಿ ಸುಟ್ಟು ಕರಿಯಾಗಿರೋ ಹುರುಳಿ ಕಾಳು ಸಿಕ್ಕಿದೆಯಂತೆ."

"ಉಳ್ಳಿಯಾ? ಉಳ್ಳಿ ಸಾರು ಉಣ್ತಿದ್ದೋರಾ? ಅಂಗಾದ್ರೆ ನಮ್ಮೋರೇ ಬುಡು."

ಮಾರನೆಯ ದಿನವೇ ಅತ್ತೆ ಊರಿನ ಯಜಮಾನರ ಮನೆಗೆ ಹೋಗಿ ನ್ಯಾಯ ಸೇರಿಸಬೇಕು ಅಂದಳು. ಯಜಮಾನರು ಅಂದರೆ ಊರಿನ ಹಿರಿಯ ಒಕ್ಕಲಿನ ಮುದುಕರು, ನನಗೆ ವರಸೆಯಲ್ಲಿ ದೊಡ್ಡಪ್ಪ. ಒಬ್ಬ ಹೆಂಗಸು ತಮ್ಮನ ಮೇಲೆ ನ್ಯಾಯ ಕರೆಯುವುದು ನಮ್ಮೂರಿಗೆ ಹೊಸದು. ಆದರೆ ಬೇಡ ಅನ್ನುವುದಕ್ಕೂ ಅವರಿಗೆ ದಾರಿ ಇರಲಿಲ್ಲ. ಸಾಯಂಕಾಲ ಮಾರಿಗುಡಿ ಜಗುಲಿಯ ಮೇಲೆ ಹಿರಿಯರೆಲ್ಲ ಕೂತರು. ಹೆಂಗಸರು ಬೇವಿನ ಮರದ ಕೆಳಗೆ ನಿಂತರು. ನಾನು ಅತ್ತೆಯ ಪಕ್ಕಕ್ಕೇ ಹೋಗಿ ನಿಂತೆ.

ಅಪ್ಪ ಮೊದಲು ಮಾತಾಡಿದ. "ಒಲ ಉಳೋನು ನಾನು. ಸರ್ಕಾರನೇ ಯೋಳ್ತಾ ಅದೆ, ಉಳೋನೇ ಒಲದೊಡೆಯ ಅಂತ. ನಮ್ಮಕ್ಕ ಯಾವತ್ತು ಉತ್ತವ್ಳೆ? ಕಾಳು ಆಕವ್ಳೆ, ಅಷ್ಟೇಯ."

ಹೌದು ಹೌದು ಅಂತ ಜಗುಲಿಯೆಲ್ಲ ತಲೆಯಾಡಿಸಿತು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆ ಅಂತ ನಮ್ಮ ಕಡೆ ಶಾಸ್ತ್ರ. ಮೂಲೆಯಲ್ಲಿ ಒರಗಿಸಿದ ನೇಗಿಲನ್ನು ದಾಟಿದ್ದಕ್ಕೆ ಸಣ್ಣವಳಿದ್ದಾಗ ನಾನು ಹೊಡೆತ ತಿಂದಿದ್ದೆ. ಮುಟ್ಟಬೇಡ ಅನ್ನುವವರೂ ಇವರೇ, ಮುಟ್ಟಲಿಲ್ಲವಲ್ಲ ಅಂತ ಹೊಲ ಕಿತ್ತುಕೊಳ್ಳುವವರೂ ಇವರೇ. ಇದಕ್ಕಿಂತ ಚೆಂದದ ನ್ಯಾಯ ಎಲ್ಲಿ ಸಿಗುತ್ತದೆ ಹೇಳಿ.

"ದೊಡ್ಡಪ್ಪಾ, ಬೇಸಾಯ ಶುರು ಆಗಿದ್ದು ನೇಗ್ಲಿಂದ ಅಲ್ಲ. ಮೊದ್ಲು ಬಿತ್ತಿದೋರು ಹೆಂಗಸ್ರು" ಅಂದೆ.

ಯಜಮಾನರು ಎಲೆಯಡಿಕೆ ಒಂದು ದವಡೆಗೆ ತಳ್ಳಿಕೊಂಡರು. "ಬಲರಾಮ ಕಣಮ್ಮಿ. ಪಟದಲ್ಲಿ ನೋಡಿಲ್ವಾ, ಎಗಲ ಮ್ಯಾಲೆ ನೇಗ್ಲು ಮಡೀಕಂಡು ನಿಂತವ್ನೆ."

"ಬಲರಾಮ ದೊಡ್ಡೋನಾಗಿ ನೇಗ್ಲು ಹಿಡಿಯೋಗಂಟ ಅವ್ನಿಗೆ ಹಿಟ್ಟು ಎಲ್ಲಿಂದ ಬತ್ತಿತ್ತು?"

"ಗೋಕುಲದಲ್ಲಿ ಬೆಣ್ಣೆಗೇನು ಬರ ಇತ್ತಾ?" ಅಂದರು ಯಜಮಾನರು. ಎಲ್ಲರೂ ನಕ್ಕರು. ಹೆಂಗಸರೂ ನಕ್ಕರು. ಅಪ್ಪ ಮಾತ್ರ ಹಲ್ಲು ಕಚ್ಚಿಕೊಂಡು, "ಅಮ್ಮೀ, ಕಾಲೇಜು ಮಂಡ್ಯದಲ್ಲೇ ಇರ್ಲಿ" ಅಂದ. ನನ್ನ ಆದಿಮಾನವ ಅಲ್ಲಿಗೆ ಸೋತ.

ಆಗ ಅತ್ತೆ ಎರಡು ಹೆಜ್ಜೆ ಮುಂದೆ ಬಂದಳು. "ನೇಗ್ಲು ಬ್ಯಾಡ ಕಣ್ಲಾ. ನಿನ್ ಎತ್ತೂ ಬ್ಯಾಡ. ಕೈಯಲ್ಲಿ ಅಗ್ದು ಬೆಳೀತೀನಿ. ಅಗ್ದಷ್ಟು ನಂದು ಅನ್ನು."

ಜಗುಲಿಯ ಮೇಲೆ ಇನ್ನೂ ಜೋರು ನಗು. "ಉಗುರಲ್ಲಿ ಗೀರೀಯಾ ಅವ್ವಾ?" ಅಂತ ಒಬ್ಬರು ಕೇಳಿದರು. ನೇಗಿಲಿಲ್ಲದೆ ಬೇಸಾಯವಿಲ್ಲ ಅನ್ನುವುದರಲ್ಲಿ ಅವರಿಗೆ ಹುಟ್ಟಿದ ಲಾಗಾಯ್ತು ಒಂದು ಚೂರು ಅನುಮಾನವಿರಲಿಲ್ಲ. ಆ ಧೈರ್ಯದ ಮೇಲೇ ಅಪ್ಪ ನಗುನಗುತ್ತಾ ಮಾತು ಕೊಟ್ಟುಬಿಟ್ಟ. "ಆಗ್ಲಿ. ಆರಿದ್ರೆ ಮಳೆ ಉಟ್ಟೋದ್ರೊಳಗೆ ನೇಗ್ಲಿಲ್ದೆ, ಕೂಲಿಯಾಳಿಲ್ದೆ ಎಷ್ಟು ಅಗೀತಾಳೋ ಅಷ್ಟು ಅವ್ಳಿಗೇ. ಅದ್ರಾಗೆ ಬೆಳೆ ತೆಗುದ್ರೆ ಬದುಕಿರೋಗಂಟ ಒಲ ಅವ್ಳ್ದು. ಮುತ್ತತ್ತಿರಾಯ್ನಾಣೆ, ನಾನು ಕೇಳಾಕಿಲ್ಲ. ಮಿಕ್ಕಿದ್ದು ಕಬ್ಬಿಗೆ."

"ಎಲ್ರೂ ಕೇಳುಸ್ಕಂಡ್ರಾ?" ಅಂದಳು ಅತ್ತೆ. ಕೇಳಿಸಿಕೊಂಡರು. ನ್ಯಾಯ ಮುಗಿಯಿತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಆ ವರ್ಷ ಭರಣಿ ಚೆನ್ನಾಗಿ ಬಂತು. ಅಲ್ಲಿಂದ ಆರಿದ್ರೆಗೆ ಎರಡು ತಿಂಗಳೂ ಇಲ್ಲ. ನನಗೆ ಬೇಸಗೆ ರಜೆ. ಅತ್ತೆ ಗುದ್ದಲಿ ಹಿಡಿದಳು, ನಾನು ಹಾರೆ ಹಿಡಿದೆ. ಕಲ್ಲೊಲ ಕಲ್ಲೊಲವೇ. ಹಾರೆ ಹಾಕಿದ ಕಡೆಯೆಲ್ಲ ಟಣ್ ಅನ್ನುತ್ತಿತ್ತು. ನನ್ನ ಅಂಗೈ ಬೊಬ್ಬೆ ಬಂದು, ಒಡೆದು, ಅದರ ಮೇಲೆ ಇನ್ನೊಂದು ಬೊಬ್ಬೆ ಬಂತು. ಅವ್ವ ಅಪ್ಪನ ಕಣ್ಣೆದುರಿಗೇ ದೊಡ್ಡ ದೊಡ್ಡ ಮುದ್ದೆ ಕಟ್ಟಿ ಹೊಲಕ್ಕೆ ಕಳಿಸುತ್ತಿದ್ದಳು. ವಾರ ಕಳೆದು ತಿರುಗಿ ನೋಡಿದರೆ ನಾವು ಅಗೆದದ್ದು ಒಂದು ದೊಡ್ಡ ಕೊಟ್ಟಿಗೆಯಷ್ಟು ಜಾಗ. ಬದುವಿನ ಮೇಲೆ ಹಾದುಹೋಗುತ್ತಾ ಅಪ್ಪ ನಿಂತು, "ಪಾತಿ ಚೆನ್ನಾಗದೆ. ಕೊತ್ಮೀರಿ ಬೀಜ ಆಕಿ" ಅಂದ. ಹೆತ್ತ ಅಪ್ಪ ಅಂತ ನೋಡದೆ ಹೆಂಟೆ ಎತ್ತಿ ಬೀಸುವಷ್ಟು ಸಿಟ್ಟು ಬಂದಿತ್ತು ನನಗೆ.

ಆ ಸಂಜೆ ನಾನು ಅತ್ತೆಗೆ, ಆಗುವುದಿಲ್ಲ ಬಿಡು, ಆರಿದ್ರೆಯ ಹೊತ್ತಿಗೆ ಕಾಲು ಭಾಗವೂ ಆಗುವುದಿಲ್ಲ ಅಂದೆ. ಅತ್ತೆ ಕೈಕಾಲು ತೊಳೆದುಕೊಂಡು, ಕುಂಕುಮ ಇಟ್ಟುಕೊಂಡು, "ಬಾ ಮಗಾ, ಮುಯ್ಯಿ ಕೇಳ್ಕೊಂಡು ಬರಾನ" ಅಂದಳು.

ಮುಯ್ಯಿ ಅಂದರೆ ಕೆಲಸಕ್ಕೆ ಕೆಲಸ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು ಬರಬೇಕು. ಕೂಲಿ ಇಲ್ಲ, ಮಧ್ಯಾಹ್ನದ ಊಟ ಮಾತ್ರ. ಕರೆದಾಗ ಬರದ ಮನೆಯವರಿಗೆ ಊರಿನಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಅತ್ತೆ ತವರಿಗೆ ಬಂದಾಗಿನಿಂದ ಊರಿನವರೆಲ್ಲರ ಹೊಲದಲ್ಲಿ ಕಳೆ ಕಿತ್ತಿದ್ದಳು, ಪೈರು ನೆಟ್ಟಿದ್ದಳು, ಕೊಯ್ದಿದ್ದಳು. ಒಂದು ದಿನವೂ ಯಾರನ್ನೂ ಮು‌ಯ್ಯಿಗೆ ಕರೆದಿರಲಿಲ್ಲ. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ, ಅವತ್ತು ದಾರಿಯಲ್ಲಿ ಕೇಳಿದೆ.

"ಕರೆಯಾಕೆ ನಂಗೆ ಒಲ ಎಲ್ಲಿತ್ತು ಮಗಾ? ಈಗದೆ" ಅಂದಳು.

ಮನೆಮನೆಯ ಬಾಗಿಲಲ್ಲಿ ನಿಂತು ಕರೆದಳು. ಸೋಮವಾರ ಬನ್ನಿ ಅಂದಳು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನಿಗೆ ರಜೆ. ಎತ್ತಿಗೆ ರಜೆ ಅಂದರೆ ಗಂಡಸರಿಗೂ ರಜೆ. ಹೆಂಗಸರಿಗೆ ಯಾವ ವಾರ ರಜೆ ಅಂತ ಯಾವ ಬಸವಣ್ಣನೂ ಹೇಳಿದ ಹಾಗಿಲ್ಲ.

ಸೋಮವಾರ ಬೆಳಗ್ಗೆ ನಾವು ಹೋಗುವ ಮೊದಲೇ ಕಲ್ಲೊಲದ ಬದುವಿನ ಮೇಲೆ ಹೆಂಗಸರು ಕೂತಿದ್ದರು. ಗುದ್ದಲಿ, ಹಾರೆ, ಚನಿಕೆ, ಒಬ್ಬಳು ನೇಗಿಲಿನಿಂದ ಕಳಚಿ ಎಸೆದಿದ್ದ ಮುರಿದ ಕುಳವನ್ನೇ ಕೋಲಿಗೆ ಕಟ್ಟಿಕೊಂಡು ಬಂದಿದ್ದಳು. ಎಲ್ಲರಿಗಿಂತ ಮುಂದೆ ಯಜಮಾನರ ಹೆಂಡತಿ, ನಮ್ಮ ದೊಡ್ಡವ್ವ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಅವರೂ ಸುಮ್ಮನೆ ಬಂದವರಲ್ಲ. ಊರಿಗೆಲ್ಲ ಕರೆಂಟು ಬರುತ್ತಿತ್ತು, ಇವತ್ತು ನಮ್ಮತ್ತೆಯ ಅಕ್ಕಡಿ ಹೋದರೆ ನಾಳೆ ತಮ್ಮದು ಅಂತ ಅವರಿಗೂ ಗೊತ್ತಿತ್ತು. ಸಾಲಾಗಿ ನಿಂತು ಅಗೆಯಲು ಶುರು ಮಾಡಿದರು. ಬೈಗುಳ, ತಮಾಷೆ, ಯಾರ ಗಂಡ ಬೆಳಗ್ಗೆ ಏನಂದ ಅನ್ನುವ ವರದಿ, ಎಲ್ಲ ಗುದ್ದಲಿಯ ಜೊತೆಗೇ ನಡೆದಿತ್ತು.

ಹೊತ್ತೇರುವ ಹೊತ್ತಿಗೆ ಅಪ್ಪ ಬಂದ, ಹಿಂದೆ ಯಜಮಾನರು, ಇನ್ನೊಂದಿಷ್ಟು ಗಂಡಸರು.

"ಕೂಲಿಯಾಳು ಇರಕೂಡ್ದು ಅಂದಿದ್ದೆ ನಾನು" ಅಂತ ಅಪ್ಪ ಕೂಗಿದ.

ದೊಡ್ಡವ್ವ ಗುದ್ದಲಿಗೆ ಒರಗಿ ನಿಂತಳು. "ಯಾವನ್ಲಾ ಕೂಲಿ ಅಂದೋನು? ಯಾರು ಯಾರ ತಾವ ಕಾಸು ಇಸ್ಕೊಂಡವ್ರೆ? ಇದು ಮುಯ್ಯಿ. ಓದ್ ವರ್ಷ ನನ್ ಸೊಸೆ ಎತ್ತಾಗ ನಮ್ ಒಲ ಕೊಯ್ದು ಕೊಟ್ಟೋಳು ಇವ್ಳು. ಈ ಮುಯ್ಯಿ ಇಲ್ಲ ಅಂತೀಯಾ? ಅನ್ನು. ನಾಳೆಯಿಂದ ನಿನ್ ಗದ್ದೆಗೆ ಯಾರು ಬತ್ತಾರೆ ನಾನೂ ನೋಡ್ತೀನಿ."

ಅಪ್ಪ ಯಜಮಾನರ ಮುಖ ನೋಡಿದ. ಯಜಮಾನರು ತಮ್ಮ ಹೆಂಡತಿಯ ಮುಖ ನೋಡಿ, ಆಮೇಲೆ ಆಕಾಶ ನೋಡಿ, "ಮುಯ್ಯಿ ಮುಯ್ಯೀನೇ ಕಣಪ್ಪ. ಅದ್ನ ಯಾರೂ ತೆಗ್ದಾಕಕ್ಕಾಗಾಕಿಲ್ಲ" ಅಂದರು. ನ್ಯಾಯದ ದಿನ ನೇಗಿಲು ಬೇಡ, ಎತ್ತು ಬೇಡ, ಕೂಲಿ ಬೇಡ ಅಂತ ಒಂದೊಂದೇ ಬಾಗಿಲು ಮುಚ್ಚಿದವರಿಗೆ ಮುಯ್ಯಿ ನೆನಪಾಗಿರಲಿಲ್ಲ. ಹೆಂಗಸಿನ ಮುಯ್ಯಿಯೂ ಮುಯ್ಯಿ ಅಂತ ಅವರು ಎಣಿಸಿದ್ದರೆ ತಾನೇ ನೆನಪಾಗುವುದು! ಗಂಡಸರು ಬಂದ ದಾರಿಯಲ್ಲೇ ಹೋದರು. ಅವತ್ತು ಊರಿನಲ್ಲಿ ಎಷ್ಟೋ ಮನೆ ಒಲೆ ಹೊತ್ತಲಿಲ್ಲ.

ಊಟದ ಹೊತ್ತಿಗೆ ಮುಂಚೆ ದೊಡ್ಡವ್ವನ ಗುದ್ದಲಿಗೆ ಒಂದು ಕಲ್ಲು ಎದ್ದು ಬಂತು. ಕಪ್ಪು ಹಸಿರು ಬಣ್ಣ, ನುಣ್ಣಗೆ, ಒಂದು ತುದಿ ಚೂಪು, ಇನ್ನೊಂದು ತುದಿ ಅಗಲವಾಗಿ ಹರಿತ. "ಸಿಡ್ಲುಗುಂಡು!" ಅಂತ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಸಿಡಿಲು ಹೊಡೆದಾಗ ನೆಲಕ್ಕೆ ಇಳಿಯುವ ಕಲ್ಲು ಅಂತ ನಮ್ಮವರು ಅದನ್ನು ಮರದ ಬುಡಕ್ಕಿಟ್ಟು ಪೂಜೆ ಮಾಡುತ್ತಾರೆ. ನಾನು ಬಗ್ಗಿ ನೋಡಿದೆ. ಕಾಲೇಜಿನ ಗಾಜಿನ ಬೀರುವಿನಲ್ಲಿದ್ದ ಕೊಡಲಿಯ ಒಡಹುಟ್ಟು.

"ದೊಡ್ಡವ್ವ, ಇದು ಸಿಡ್ಲಲ್ಲ. ಕಬ್ಬಿಣ ಇಲ್ದೆ ಇದ್ದ ಕಾಲದ ಕೊಡಲಿ. ಜನ ಉಜ್ಜಿ ಉಜ್ಜಿ ಮಾಡಿರೋದು. ಇದ್ರಲ್ಲೇ ಗಿಡ ಕಡ್ದು ನೆಲ ಹಸನು ಮಾಡ್ಕೊತಿದ್ರು" ಅಂದೆ.

"ಸುಮ್ಕಿರಮ್ಮಿ, ಸಿಡ್ಲಿಗೆ ಕ್ವಾಪ ಬತ್ತದೆ" ಅಂದಳು ದೊಡ್ಡವ್ವ.

ಅತ್ತೆ ಅದನ್ನು ಎತ್ತಿ, ಮಣ್ಣು ಒರೆಸಿ, ಅಂಗೈಯಲ್ಲಿ ತೂಗಿ ನೋಡಿದಳು. "ಸಿಡ್ಲೋ ಕೊಡ್ಲಿಯೋ ಇರ್ಲಿ. ಕೊಡ್ಲಿ ಅನ್ನಾದಾದ್ರೆ ನಮಗಿಂತ ಮುಂಚೆ ಇಲ್ಲಿ ಯಾವ್ಳೋ ಗೇದವ್ಳೆ ಅಂದಂಗಾಯ್ತು. ನೇಗ್ಲಿಲ್ದೆ." ಆಮೇಲೆ ದೊಡ್ಡವ್ವ ಅದನ್ನು ಬದುವಿನ ಬೇವಿನ ಬುಡದಲ್ಲಿಟ್ಟು ಕುಂಕುಮ ಇಟ್ಟೇ ಇಟ್ಟಳು. ನಾನು ತಡೆಯಲಿಲ್ಲ. ಪೂಜೆ ಮಾಡಬೇಕಾದ ಕಲ್ಲೇ ಅದು.

ಇನ್ನೂ ಕೆಲವು ಸೋಮವಾರ ಹೀಗೇ ಆಯಿತು. ಆರಿದ್ರೆ ಹುಟ್ಟುವ ಹೊತ್ತಿಗೆ ಕಲ್ಲೊಲದಲ್ಲಿ ಉಳಿದದ್ದು ಮೇಲುಗಡೆಯ ಬಂಡೆ ಒಂದೇ. ಅದಕ್ಕೆ ನೇಗಿಲೂ ಯಾವತ್ತೂ ಹತ್ತಿದ್ದಿಲ್ಲ. ಅತ್ತೆ ರಾಗಿ ಎರಚಿದಳು, ನಾವು ಜಾಲಿಮುಳ್ಳಿನ ಕೊಂಬೆಗಳನ್ನು ಹಗ್ಗಕ್ಕೆ ಕಟ್ಟಿ ಎಳೆದು ಮಣ್ಣು ಮುಚ್ಚಿದೆವು. ಅಕ್ಕಡಿಗೆ ಚೂಪು ಕೋಲಿನಿಂದ ಗುಳಿ ಮಾಡಿಕೊಂಡು ಅವರೆ, ತೊಗರಿ ಊರಿದಳು. ಒಂದು ಅಂಚಿಗೆ ಹುರುಳಿಯನ್ನೂ ಹಾಕಿದಳು, ಹಳೇ ಕಾಲದವರ ಮರ್ಯಾದೆಗೆ ಅಂತ. ಓದು ಮುಗಿದ ಮೇಲೆ ನಾನು ಇತಿಹಾಸದ ಟೀಚರಾದೆ. ಆದಿಮಾನವನ ಪಾಠಕ್ಕೆ ಹಲಗೆಯ ಮೇಲೆ ನಾನು ಬರೆದದ್ದು ಬಗ್ಗಿ ಗುಳಿ ತೋಡುವ ಹೆಂಗಸನ್ನೇ. ತಪಾಸಣೆಗೆ ಬಂದ ಮೇಲಿನವರೊಬ್ಬರು ಪಠ್ಯದಲ್ಲಿ ಇದಿಲ್ಲವಲ್ಲ ಅಂದಾಗ, ಪಠ್ಯ ಬರೆದವರು ನಮ್ಮೂರಿಗೆ ಬಂದಿಲ್ಲ ಅಂದೆ.

ಬೆಳೆ ಬಂತು. ಚಿನ್ನದಂಥ ಬೆಳೆ ಅಂತೆಲ್ಲ ಸುಳ್ಳು ಹೇಳುವುದಿಲ್ಲ. ಸಾಲಿಲ್ಲದೆ ಎಲ್ಲೆಂದರಲ್ಲಿ ಎದ್ದ ರಾಗಿ, ಕೆಲವು ಕಡೆ ಒತ್ತು, ಕೆಲವು ಕಡೆ ಬೋಳು. ಎತ್ತು ಕಟ್ಟಿ ಕುಂಟೆ ಹೊಡೆಯುವ ಹಾಗಿಲ್ಲದ್ದರಿಂದ ಕಳೆಯನ್ನೆಲ್ಲ ಕೈಯಲ್ಲೇ ಕಿತ್ತದ್ದಾಯಿತು. ನೇಗಿಲು ಹೂಡಿದ ವರ್ಷಕ್ಕಿಂತ ರಾಗಿ ಕಡಿಮೆಯೇ ಆಯಿತು. ಆದರೆ ಅವರೆ ಮಾತ್ರ ಹೊಲದ ತುಂಬ ಹಬ್ಬಿ, ಇಬ್ಬನಿ ಬೀಳುವ ಕಾಲಕ್ಕೆ ಕಲ್ಲೊಲದ ಸೊಗಡು ಊರಿನ ಬಾಗಿಲಿಗೆ ಬರುತ್ತಿತ್ತು. ಅಗೆದವರಿಗೆಲ್ಲ ಅತ್ತೆ ಮಡಿಲು ತುಂಬ ಅವರೆ ಕೊಟ್ಟಳು. ಬೆಳೆ ತೆಗೆದಾಗಿತ್ತು. ಅಪ್ಪ ಆಣೆ ಇಟ್ಟವನು, ಕಬ್ಬನ್ನು ಕೆಳಗಿನ ಹೊಲಕ್ಕೆ ಹಾಕಿದ.

ಊರು ಮಾತ್ರ ಅವನನ್ನು ಬಿಡಲಿಲ್ಲ. ಮನೇಲಿ ಜೋಡಿ ಎತ್ತು ಕಟ್ಟಿಕೊಂಡು ಒಡಹುಟ್ಟಿದ ಅಕ್ಕನ ಕೈಯಲ್ಲಿ ನೆಲ ಕೆರೆಸುತ್ತಾನೆ ಅಂತ ಜಗುಲಿಯ ಮೇಲೆ ನಕ್ಕಿದ್ದವರೇ ಆಡಿಕೊಂಡರು. ಮುಂದಿನ ವರ್ಷ ಭರಣಿ ಬಿದ್ದು ನೆಲ ಹದವಾದ ಬೆಳಗ್ಗೆ ನಾವು ಗುದ್ದಲಿ ಹಿಡಿದು ಕಲ್ಲೊಲಕ್ಕೆ ಹೋದರೆ, ಅಪ್ಪ ನಮಗಿಂತ ಮೊದಲೇ ಎತ್ತು ಹೂಡಿಕೊಂಡು ಹೊಲದ ಅಂಚಿನಲ್ಲಿ ನಿಂತಿದ್ದ.

"ಅಕ್ಕಯ್ಯಾ, ಸಾಕು. ಸೊಂಟ ಮುರ್ಕೋಬ್ಯಾಡ. ನಾನೇ ಉತ್ತುಕೊಡ್ತೀನಿ. ಒಲ ನಿಂದೇಯ" ಅಂದ.

ಅವನ ದನಿ ಮೆತ್ತಗಾಗಿತ್ತು. ನನಗೆ ಗೆದ್ದೆವು, ಇನ್ನೇನು ಬೇಕು ಅನ್ನಿಸಿತು. ಅತ್ತೆ ಕರಗಲಿಲ್ಲ. ಎತ್ತುಗಳನ್ನು ನೋಡಿದಳು, ನೇಗಿಲನ್ನು ನೋಡಿದಳು.

"ಇವತ್ತು ನೀನು ಉಳ್ತೀಯ. ನಾಳೆ ನಿನ್ ಗಂಡುಮಕ್ಳು ದೊಡ್ಡೋರಾಗಿ ಬಂದು, ಉತ್ತೋನು ನಮ್ಮಪ್ಪ, ಒಲ ನಮ್ದು ಅಂತಾರೆ."

ಗುದ್ದಲಿ ಕೆಳಗಿಟ್ಟು ಬಂದು ನೇಗಿಲ ಮೇಣಿಗೆ ಕೈ ಹಾಕಿದಳು. ಅಪ್ಪ ಬಿಡಲಿಲ್ಲ. ಇಬ್ಬರ ಕೈಯೂ ಮೇಣಿಯ ಮೇಲೆ.

"ಬ್ಯಾಡ ಅಕ್ಕಯ್ಯಾ. ಮಳೆ ಓಯ್ತದೆ."

"ಓದ್ರೆ ಓಗ್ಲಿ. ಬುಡ್ಲಾ ಕೈಯ."

ಅಪ್ಪ ಕೈ ಬಿಟ್ಟ. ಎತ್ತುಗಳ ಮುಂದಕ್ಕೆ ಹೋಗಿ ಹಗ್ಗ ಹಿಡಿದ. ಅತ್ತೆ ಹೋ ಅಂದಳು. ಮೊದಲ ಸಾಲು ಸೊಟ್ಟಗೆ ಹೋಯಿತು, ಕಲ್ಲಿಗೆ ತಾಗಿ ಕುಳ ಎಗರಿತು, ಅವಳು ಮೈಭಾರವೆಲ್ಲ ಹಾಕಿ ಒತ್ತಿ ಮತ್ತೆ ಇಳಿಸಿದಳು. ಪಕ್ಕದ ಹೊಲಗಳಲ್ಲಿ ಉಳುತ್ತಿದ್ದವರೆಲ್ಲ ಎತ್ತು ನಿಲ್ಲಿಸಿದರು. ಒಬ್ಬ ಥೂ ಅಂತ ಉಗಿದ. ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿಯಾಗಿ, ಈ ವರ್ಷ ಮಳೆ ಹೋದ ಹಾಗೇ ಅಂತ ತೀರ್ಮಾನವಾಯಿತು. ಅವತ್ತಿನಿಂದ ಜನ ಮೊದಲು ಆಕಾಶ ನೋಡುವುದು, ಆಮೇಲೆ ನಮ್ಮ ಮನೆ ಬಾಗಿಲು ನೋಡುವುದು.

ಮಳೆ ಬಂತು. ರೋಹಿಣಿ ಬಂತು, ಆರಿದ್ರೆ ಬಂತು, ಒಂದೂ ತಪ್ಪಲಿಲ್ಲ. ಬರದೆ ಇದ್ದಿದ್ದರೆ ನಮ್ಮತ್ತೆಯ ತಲೆಗೇ ಕಟ್ಟಿ ಊರು ಬಿಡಿಸುತ್ತಿದ್ದರು. ಬಂದದ್ದಕ್ಕೆ ಒಬ್ಬನೂ ಅವಳ ಹೆಸರೆತ್ತಲಿಲ್ಲ.